ದಕ್ಷಿಣಕ್ಕೆ ಬಾಗಿಲಿದ್ದ ಏಳು ಮನೆಗಳು

ನಾನು ಬಣ್ಣದ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಯಶವಂತಪುರದಲ್ಲಿ ಆಫೀಸು, ಲೆಕ್ಕಪತ್ರ ವಿಭಾಗ. ಇಷ್ಟು ವರ್ಷಗಳಲ್ಲಿ ನಾನಾಗಿ ಕುಂಚ ಹಿಡಿದದ್ದು ಒಂದೇ ಸಲ. ಅರ್ಧ ಬೆರಳಿನಷ್ಟು ಎತ್ತರದ ತವರದ ಸೈನಿಕರನ್ನು ತರಿಸಿಕೊಂಡು, ಭೂತಗನ್ನಡಿ ಮುಂದಿಟ್ಟುಕೊಂಡು, ಒಂದು ಭಾನುವಾರವೆಲ್ಲ ಕೂತು ಅವರಿಗೆ ಬಣ್ಣ ಹಚ್ಚಿದೆ. ಸಂಜೆ ಹೆಂಡತಿ ಬಂದು ಬಗ್ಗಿ ನೋಡಿ, "ಪಾಪ, ಇವ್ರಿಗೆಲ್ಲ ಚಿಕನ್‌ಪಾಕ್ಸ್ ಬಂದಿದ್ಯೇನ್ರೀ?" ಎಂದು ಕೇಳಿದಳು. ಕೇಳಿದ ದನಿಯಲ್ಲಿ ಕುಹಕ ಇರಲಿಲ್ಲ, ನಿಜವಾದ ಕನಿಕರವೇ ಇತ್ತು. ಅದಕ್ಕೇ ಹೆಚ್ಚು ನಾಟಿತು.

ಅಂದಿನಿಂದ ನಾನು ಕೊಳ್ಳುವುದೆಲ್ಲ ರೆಡಿಮೇಡ್. ಬಣ್ಣ ಹಚ್ಚಿಸಿಕೊಂಡೇ ಬಂದ ಸೈನಿಕರು, ಬಣ್ಣ ಹಚ್ಚಿಸಿಕೊಂಡೇ ಬಂದ ಮನೆಗಳು, ಬೇಲಿಗಳು, ಮರಗಳು. ಆಟ ಏನೆಂದು ಗೊತ್ತಿಲ್ಲದವರಿಗೆ ಹೇಳುವುದಾದರೆ, ದೊಡ್ಡ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಅದರ ಮೇಲೆ ಒಂದು ಊರನ್ನೇ ಕಟ್ಟಿ, ಎರಡು ಕಡೆ ಪುಟಾಣಿ ಸೈನ್ಯ ನಿಲ್ಲಿಸಿ, ದಾಳ ಹಾಕಿ, ಟೇಪಿನಿಂದ ಅಳೆದು, ಹಳೆಯ ಕಾಲದ ಯುದ್ಧಗಳನ್ನು ಮತ್ತೆ ಆಡುವುದು. ನಮ್ಮದು ಇನ್ನೂರು ವರ್ಷದ ಹಿಂದಿನ ಯುರೋಪು. ನೀಲಿ ಕೋಟಿನ ಫ್ರೆಂಚರು, ಬಿಳಿ ಕೋಟಿನ ಆಸ್ಟ್ರಿಯಾದವರು. ಐವತ್ತು ದಾಟಿದ ಗಂಡಸು ಇದನ್ನು ಆಡುತ್ತಾನೆ ಎಂದರೆ ಜನ ಒಂದು ಕ್ಷಣ ಸುಮ್ಮನಾಗುತ್ತಾರೆ, ಆಮೇಲೆ ಮಕ್ಕಳ ಓದು ಎಲ್ಲಿಗೆ ಬಂತು ಎಂದು ವಿಚಾರಿಸುತ್ತಾರೆ.

ಈ ಹವ್ಯಾಸದಲ್ಲೂ ಮೇಲುಕೀಳು ಇದೆ. ತಾನೇ ಬಣ್ಣ ಹಚ್ಚುವವನು ಮೇಲಿನವನು, ಹಚ್ಚಿದ್ದನ್ನು ಕೊಳ್ಳುವವನು ಪಂಕ್ತಿಯಲ್ಲಿ ಕೊನೆಯವನು. ನನ್ನ ಎದುರಾಳಿ ಆರ್.ಟಿ. ನಗರದಲ್ಲಿ ಹಲ್ಲಿನ ಡಾಕ್ಟರು, ನನ್ನ ವಯಸ್ಸಿನವನೇ. ರೋಗಿಗಳಿಲ್ಲದ ಹೊತ್ತಿನಲ್ಲಿ ಕ್ಲಿನಿಕ್ಕಿನ ದೀಪದ ಕೆಳಗೆ, ಹಲ್ಲು ಕೆರೆಯುವ ಸಲಕರಣೆಯಲ್ಲೇ ಸೈನಿಕರ ಮೀಸೆ ತಿದ್ದುತ್ತಾನೆ. ಅವನ ಕುದುರೆಗಳಿಗೆ ಹಲ್ಲೂ ಇವೆ. ನನ್ನ ಹೊಸ ತುಕಡಿಯೊಂದನ್ನು ಪೆಟ್ಟಿಗೆಯಿಂದ ತೆಗೆದಾಗಲೆಲ್ಲ, "ಚೆನ್ನಾಗಿದೆ ಗುರು, ಯಾರ್ ಮಾಡಿದ್ದು?" ಎಂದು ಕೇಳುತ್ತಾನೆ. ಉತ್ತರ ಗೊತ್ತಿದ್ದೇ ಕೇಳುತ್ತಾನೆ. ಅಂಗಡಿಯಿಂದ ಹೋಳಿಗೆ ತಂದು ಹಬ್ಬ ಮಾಡುವವರನ್ನು ಯಾರೂ ಹೂರಣ ರುಬ್ಬಿದ್ದು ಯಾರು ಎಂದು ಕೇಳುವುದಿಲ್ಲ, ನನ್ನನ್ನು ಮಾತ್ರ ಕೇಳುತ್ತಾರೆ. ಆರಿಸುವುದೂ ಒಂದು ಕೆಲಸವೇ ಅಲ್ಲವೇ? ಸಾವಿರ ಮನೆಗಳ ಚಿತ್ರ ನೋಡಿ, ಗೋಡೆಯ ಬಿರುಕು ನಿಜವಾದ ಬಿರುಕಿನಂತಿರುವ ಒಂದನ್ನು ಹಿಡಿಯುವುದಕ್ಕೆ ಕಣ್ಣು ಬೇಕು. ನನಗೆ ಆ ಕಣ್ಣಿದೆ ಎಂದು ನಾನು ನಂಬಿದ್ದೇನೆ, ಬೇರೆ ಯಾರೂ ನಂಬದಿದ್ದರೂ.

ಹೀಗೆ ಆರಿಸಿ ಆರಿಸಿ ನಾನು ಒಂದು ಇಡೀ ಹಳ್ಳಿಯನ್ನು ಕೂಡಿಸಿದ್ದೆ. ಏಳು ಮನೆ, ಒಂದು ಚರ್ಚು, ಒಂದು ಗಾಳಿಗಿರಣಿ, ಒಂದು ಕೊಳ, ಕಲ್ಲಿನ ಪೌಳಿಗಳು, ಹೂಕೋಸಿನಂತಿದ್ದ ಒಂದಷ್ಟು ಮರಗಳು. ಮನೆಗಳು ಅಂಗೈಯಗಲ, ಚೌಕ. ನಾಲ್ಕೂ ಕಡೆಗೆ ಇಳಿಜಾರಾದ ಹೆಂಚಿನ ಮಾಡು, ಆ ಮಾಡನ್ನು ಮುಚ್ಚಳದಂತೆ ಎತ್ತಿ ಒಳಗೆ ಸೈನಿಕರನ್ನು ಇಡಬಹುದು. ಪ್ರತಿ ಮನೆಗೂ ಒಂದೇ ಒಂದು ಬಾಗಿಲು. ಈ ಬಾಗಿಲನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಹೋದದ್ದು ಇದರಿಂದಲೇ.

ಕೂಡಿಸುವುದು ಸುಲಭ, ಇಡಲು ಜಾಗವೆಲ್ಲಿ? ಪೆಟ್ಟಿಗೆಗಳು ಮೊದಲು ಮಂಚದ ಕೆಳಗೆ ಸೇರಿದವು, ಆಮೇಲೆ ಅಡುಗೆಮನೆಯ ಸಜ್ಜೆಗೆ ಏರಿದವು. ಒಂದು ದಿನ ಹೆಂಡತಿ ಕುಕ್ಕರಿನ ಹಳೆಯ ಗ್ಯಾಸ್ಕೆಟ್ ಹುಡುಕಲು ಹೋಗಿ ಫಿರಂಗಿ ದಳವೊಂದನ್ನು ತಲೆಯ ಮೇಲೆ ಬೀಳಿಸಿಕೊಂಡಳು. ಅಂದಿನಿಂದ ಮನೆಯಲ್ಲಿ ಕದನವಿರಾಮ ಇರಲಿಲ್ಲ.

ನಮ್ಮದು ಕೆಂಪಾಪುರದಲ್ಲಿ ಹಳೆಯ ಮನೆತನ. ಮನೆತನ ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ಊರು ಲೇಔಟುಗಳಾಗುವಾಗ ಕೈಯಲ್ಲಿ ಉಳಿದ ಒಂದು ಸೈಟು, ಅದರ ಮೇಲೆ ಮೂರು ಅಂತಸ್ತು, ಅಷ್ಟೇ. ನಡುವಿನ ಅಂತಸ್ತಿನಲ್ಲಿ ಅಮ್ಮ ಮತ್ತು ನಾವು. ಮೇಲಿನ ಮತ್ತು ಕೆಳಗಿನ ಮನೆಗಳು ಬಾಡಿಗೆಗೆ. ಬಾಡಿಗೆಯವರನ್ನು ಆರಿಸುವುದು ಅಮ್ಮನ ಇಲಾಖೆ. ಹೆಣ್ಣು ನೋಡುವವರೂ ಅಷ್ಟು ವಿಚಾರಿಸುವುದಿಲ್ಲ. ಎಷ್ಟು ಜನ, ಯಾವೂರು, ಗಂಡ ಎಷ್ಟು ಹೊತ್ತಿಗೆ ಬರುತ್ತಾನೆ, ಮಗು ಗೋಡೆಯ ಮೇಲೆ ಗೀಚುತ್ತದೆಯೇ, ನಾಯಿ ಇದೆಯೇ. ಮದುವೆಯಾಗದ ಹುಡುಗರು ಗೇಟಿನ ಬಳಿ ಬಂದರೆ ಅವರು ಬಾಯಿ ತೆರೆಯುವ ಮುಂಚೆಯೇ ಮನೆ ಭರ್ತಿಯಾಗಿಬಿಡುತ್ತಿತ್ತು.

ಆ ವರ್ಷ ಜ್ಯೇಷ್ಠದ ಕೊನೆಯಲ್ಲಿ ಕೆಳಗಿನ ಮನೆಯವರು ಟಿ. ದಾಸರಹಳ್ಳಿಯಲ್ಲಿ ಸ್ವಂತ ಮನೆ ಮಾಡಿಕೊಂಡು ಹೋದರು. ಮುಂದೆ ಆಷಾಢ. ಆಷಾಢದಲ್ಲಿ ನಮ್ಮ ಕಡೆ ಯಾರೂ ಮನೆ ಬದಲಿಸುವುದಿಲ್ಲ, ಹಾಲು ಉಕ್ಕಿಸುವುದಿಲ್ಲ. ಅಂದರೆ ಒಂದು ತಿಂಗಳು ಕೆಳಗಿನ ಮನೆ ಖಾಲಿ. ನನ್ನ ತಲೆಯಲ್ಲಿ ಗಂಟೆ ಹೊಡೆಯಿತು. ಅದರ ನಡುಮನೆಯಲ್ಲಿ ಹತ್ತು ಜನ ಉಣ್ಣುವಷ್ಟು ದೊಡ್ಡ ಮೇಜು ಹಿಡಿಸುತ್ತದೆ. ಒಮ್ಮೆ ಹಳ್ಳಿಯನ್ನು ಅಲ್ಲಿ ಹರಡಿಬಿಟ್ಟರೆ, ಅದು ಬೇರು ಬಿಟ್ಟರೆ, ಆಮೇಲೆ ಯಾರು ಎಬ್ಬಿಸುತ್ತಾರೆ?

ಅಮ್ಮನನ್ನು ಕೇಳಿದೆ. ಖಂಡಿತ ಆಗುವುದಿಲ್ಲ ಎಂದಳು. ಸಜ್ಜೆ ಖಾಲಿಯಾಗುವ ಆಸೆಯಿಂದ ಹೆಂಡತಿ ನನ್ನ ಪರ ವಕಾಲತ್ತು ವಹಿಸಿದಳು. ಕೊನೆಗೆ ಅಮ್ಮ ಅರೆಮನಸ್ಸಿನಿಂದ ಒಪ್ಪಿದಳು. ಅಮ್ಮನ ತವರು ರಾಜಾನುಕುಂಟೆಯ ಆಚೆ. ಇಷ್ಟು ವರ್ಷ ಇಲ್ಲಿದ್ದರೂ ಮಾತು ಅಲ್ಲಿಯದೇ.

"ಆಷಾಡ ಮುಗಿಯೋಗಂಟ ಅಷ್ಟೇಯ. ಶ್ರಾವಣ ಬಿದ್ ದಿನ ಎಲ್ಲ ಎತ್ಕಂಡು ಮ್ಯಾಕ್ ಬರ್ಬೇಕು. ಮತ್ತೆ ಅಲ್ಲೇ ಬಿದ್ಕಂಡಿರ್ಬ್ಯಾಡ. ಆಡಿದ್ಯಾ, ಬಂದ್ಯಾ, ಅಂಗಿರ್ಬೇಕು."

ನಾನು ತಲೆಯಾಡಿಸಿದೆ. ಒಳಗೊಳಗೇ ಶ್ರಾವಣವನ್ನು ಹೇಗೆ ತಪ್ಪಿಸಬೇಕೆಂದು ಲೆಕ್ಕ ಹಾಕುತ್ತಿದ್ದೆ.

ಆ ಮೇಜಿನ ಸುಖವನ್ನು ಹೇಗೆ ಹೇಳಲಿ? ಆಫೀಸಿನಿಂದ ಹೆಬ್ಬಾಳದ ಮೇಲ್ಸೇತುವೆ ದಾಟಿ ಮನೆ ಮುಟ್ಟುವಷ್ಟರಲ್ಲಿ ಮನುಷ್ಯನಲ್ಲಿ ಮನುಷ್ಯತ್ವ ಉಳಿದಿರುವುದಿಲ್ಲ. ಬಂದವನೇ ಕೆಳಗಿನ ಮನೆಯ ಬೀಗ ತೆಗೆದು ದೀಪ ಹಾಕಿದರೆ, ಅಲ್ಲೊಂದು ಊರು. ಹಾರ್ನ್ ಇಲ್ಲ, ಗುಂಡಿ ಇಲ್ಲ, ಕೊಳದಲ್ಲಿ ನೊರೆ ಇಲ್ಲ. ಒಂದು ಕುದುರೆಯನ್ನು ಎರಡಂಗುಲ ಸರಿಸಿ, ದೂರ ನಿಂತು ನೋಡಿ, ಮತ್ತೆ ಹಿಂದಕ್ಕಿಡುತ್ತಿದ್ದೆ. ಕಾಫಿ ಕುಡಿಯಲು ಕರೆದರೆ ಕೇಳಿಸುತ್ತಿರಲಿಲ್ಲ. ಊಟಕ್ಕೆ ಕರೆದರೆ ಕೇಳಿಸುತ್ತಿತ್ತು, ಆದರೆ ಹೋಗುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನದ ನಿದ್ದೆಯನ್ನೂ ಅಲ್ಲೇ, ಮೇಜಿನ ಪಕ್ಕ ಚಾಪೆ ಹಾಕಿಕೊಂಡು ಮಾಡತೊಡಗಿದೆ.

ಅಮ್ಮ ದಿನಾ ಸಂಜೆ ಒಂದು ಸಲ ಇಳಿದು ಬರುತ್ತಿದ್ದಳು. ಖಾಲಿ ಮನೆಯಲ್ಲಿ ದೀಪ ಹಚ್ಚದೆ ಬಿಡಬಾರದು ಎಂಬುದು ಅವಳ ನೇಮ. ಅಡುಗೆಮನೆಯ ಗೂಡಿನಲ್ಲಿ ಒಂದು ಹಣತೆ ಹಚ್ಚಿ, ಕೈಮುಗಿದು, ಹೊರಡುವ ದಾರಿಯಲ್ಲಿ ನನ್ನ ಹಳ್ಳಿಯನ್ನು ಮನೆ ತನಿಖೆಗೆ ಬಂದವಳಂತೆ ನೋಡುತ್ತಿದ್ದಳು.

"ಇಷ್ಟ್ ಮನೆಗೆ ಒಂದೇ ಕೊಳವೇನೋ? ಬಚ್ಚಲೆಲ್ಲಿ?"

"ಆಗಿನ್ ಕಾಲ್ದಲ್ಲಿ ಅವ್ರು ಅಷ್ಟಾಗಿ ಸ್ನಾನ ಮಾಡ್ತಿರ್ಲಿಲ್ಲ ಅಮ್ಮ."

"ಅದಕ್ಕೇ ಒಡ್ದಾಡ್ಕಂಡ್ ಸತ್ರು," ಎಂದು ಅಮ್ಮ ಮೆಟ್ಟಿಲು ಹತ್ತಿದಳು. ಅವಳ ಪ್ರಕಾರ ಯುರೋಪಿನ ಚರಿತ್ರೆ ಅಲ್ಲಿಗೆ ಮುಗಿದಿತ್ತು.

ಆಷಾಢ ಇನ್ನೂ ಅರ್ಧವೂ ಆಗಿರಲಿಲ್ಲ, ಒಂದು ಬೆಳಿಗ್ಗೆ ಗೇಟಿನ ಮೇಲೆ ಟು-ಲೆಟ್ ಬೋರ್ಡು ನೇತಾಡುತ್ತಿತ್ತು. ನನಗೆ ನಂಬಲಾಗಲಿಲ್ಲ. ಆಷಾಢದಲ್ಲಿ ಪೊರಕೆ ಕೂಡ ಹೊಸದಾಗಿ ಕೊಳ್ಳದ ಹೆಂಗಸು ಈ ಅಮ್ಮ. ಕೇಳಿದರೆ, "ಈಗ್ಲೇ ನೋಡ್ಕಂಡೋಗಿರ್ತಾರೆ, ಶ್ರಾವಣಕ್ ಬರ್ತಾರೆ," ಎಂದಳು. ಅದಕ್ಕಿಂತ ಆಶ್ಚರ್ಯದ ಸಂಗತಿ ಎಂದರೆ ಅವಳ ಷರತ್ತುಗಳೆಲ್ಲ ಕರಗಿಹೋಗಿದ್ದವು. ನಾಯಿ ಇದ್ದರೂ ಆದೀತು. ಮಗು ಗೀಚಿದರೂ ಆದೀತು. ಒಂದು ಸಂಜೆ ಬೈಕಿನಲ್ಲಿ ಬಂದ ಮೂವರು ಬ್ರಹ್ಮಚಾರಿಗಳಿಗೆ ಅಮ್ಮ ಕುಡಿಯಲು ನೀರು ಕೊಟ್ಟು, "ಒಳಗ್ ಬಂದ್ ನೋಡ್ರಪ್ಪ," ಎಂದು ಕರೆಯುವುದನ್ನು ಕಣ್ಣಾರೆ ಕಂಡೆ. ಆ ಹುಡುಗರೇ ಹೆದರಿಕೊಂಡು ಹೋದರು. ಬೆಂಗಳೂರಿನಲ್ಲಿ ಮನೆ ಹುಡುಕಿ ಅಭ್ಯಾಸವಿದ್ದವರಿಗೆ ಅಷ್ಟು ಮರ್ಯಾದೆ ಸಿಕ್ಕರೆ ಅನುಮಾನ ಬಾರದೇ ಇರುತ್ತದೆಯೇ?

ಅಮ್ಮನಿಗೆ ವಯಸ್ಸಾಯಿತು, ಯಾರಾದರೂ ಸರಿ ಮನೆ ತುಂಬಲಿ ಎನ್ನುವ ಹಂತಕ್ಕೆ ಬಂದಿದ್ದಾಳೆ ಎಂದುಕೊಂಡೆ. ನನ್ನ ಹಳ್ಳಿಯ ಮೇಲೆ ನಿಜವಾದ ಗಂಡಾಂತರ ಬಂದಿರುವುದು ಖಾತ್ರಿಯಾಯಿತು.

ಆ ಶನಿವಾರ ಒಂದು ಜೋಡಿ ಬಂದರು, ಹೊಸದಾಗಿ ಮದುವೆಯಾದವರು. ಒಳ್ಳೆಯವರು ಎಂದು ನೋಡಿದರೇ ತಿಳಿಯುತ್ತಿತ್ತು, ನನಗೆ ಅದೇ ಚಿಂತೆ. ಅಮ್ಮ ಬಾಗಿಲು ತೆರೆದು ತೋರಿಸಿದಳು. ಹುಡುಗ ಮೇಜಿನ ಮುಂದೆ ಬಾಯಿ ತೆರೆದು ನಿಂತ. ಹುಡುಗಿ ವಾಷಿಂಗ್ ಮೆಷಿನ್ ಎಲ್ಲಿಡಬಹುದೆಂದು ಕೇಳಿ, ಗಾಳಿ ಬೆಳಕು ನೋಡಿ, ಗಂಡನ ಕಡೆ ತಿರುಗಿ ಸಣ್ಣಗೆ ತಲೆಯಾಡಿಸಿದಳು. ಅಮ್ಮನ ಮುಖ ಅರಳಿತು. ಇನ್ನು ತಡ ಮಾಡಿದರೆ ಕೆಟ್ಟೆ ಎಂದುಕೊಂಡು ನಾನು ಆದಷ್ಟು ಮುಗ್ಧ ದನಿಯಲ್ಲಿ, "ಬಾಗ್ಲು ಮಾತ್ರ ದಕ್ಷಿಣಕ್ಕಿದೆ, ಅದೊಂದು ನೋಡ್ಕೊಳಿ. ಕೆಲವ್ರು ನಂಬ್ತಾರೆ," ಎಂದೆ.

ಹುಡುಗಿಯ ಮುಖ ಸಣ್ಣದಾಯಿತು. ಅತ್ತೆಯನ್ನು ಒಂದು ಮಾತು ಕೇಳಿ ಫೋನ್ ಮಾಡುತ್ತೇವೆ ಎಂದು ಇಬ್ಬರೂ ಹೋದರು. ಮಾಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅಮ್ಮ ಬೈಯುತ್ತಾಳೆಂದು ನಾನು ಬೆನ್ನು ಗಟ್ಟಿ ಮಾಡಿಕೊಂಡು ನಿಂತಿದ್ದೆ. ಅವಳು ಹೊಸ್ತಿಲನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಸುಮ್ಮನೆ ಮೇಲೆ ಹೋದಳು. ನಾನು ಗೆದ್ದೆ ಎಂದುಕೊಂಡೆ.

ಮರುದಿನ ಭಾನುವಾರ ಡಾಕ್ಟರನೊಂದಿಗೆ ದೊಡ್ಡ ಆಟ ಇತ್ತು. ನಾನು ಹಳ್ಳಿಯನ್ನು ಕಾಯುವವನು, ಅವನು ಮುತ್ತುವವನು. ರಸ್ತೆ ಕಡೆಯ ಬಾಗಿಲಿನ ಬಳಿ, ಮೇಜಿನ ದಕ್ಷಿಣದ ಅಂಚಿನಲ್ಲಿ ನನ್ನ ಬಿಳಿ ಕೋಟಿನವರು. ಎದುರಿಗೆ, ಅಡುಗೆಮನೆಯ ಕಡೆ ಅವನ ನೀಲಿ ಕೋಟಿನವರು. ನಡುವೆ ಹಳ್ಳಿ. ಪೂರ್ವದ ಗುಡ್ಡದ ಮೇಲೆ ಅವನ ಫಿರಂಗಿಗಳು. ನಮ್ಮ ಆಟದಲ್ಲಿ ಒಂದು ಕಟ್ಟುನಿಟ್ಟಾದ ನಿಯಮ ಇದೆ: ಮನೆಯೊಳಗೆ ಹೋಗುವುದಿದ್ದರೂ ಹೊರಗೆ ಬರುವುದಿದ್ದರೂ ಬಾಗಿಲಿನಿಂದಲೇ. ಅದಕ್ಕೇ ನಾನು ಶನಿವಾರ ಬೆಳಿಗ್ಗೆಯೇ ಕೂತು ಏಳೂ ಮನೆಗಳ ಬಾಗಿಲನ್ನು ದಕ್ಷಿಣಕ್ಕೆ, ನನ್ನ ಸೈನ್ಯದ ಕಡೆಗೆ ತಿರುಗಿಸಿ ಇಟ್ಟಿದ್ದೆ. ಒಳಗಿನವರು ಸೋತರೆ ಹಿಂದಿನಿಂದ ಹೊಸಬರನ್ನು ಕಳಿಸಬಹುದು, ಶತ್ರುವಿಗೆ ಬರೀ ಗೋಡೆ ಕಾಣುತ್ತದೆ. ಇಷ್ಟು ಚೆಂದದ ಉಪಾಯ ನನಗೆ ಹಿಂದೆಂದೂ ಹೊಳೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಂದು ನೋಡಿದರೆ ಕೊಳ ಜಾಗ ಬದಲಿಸಿತ್ತು. ನಾನು ನಡುವಿಗೆ ಇಟ್ಟಿದ್ದದ್ದು ಮೇಜಿನ ಈಶಾನ್ಯ ಮೂಲೆಯಲ್ಲಿ ಕೂತಿತ್ತು. ಕಸ ಗುಡಿಸುವಾಕೆ ಬಟ್ಟೆ ತಾಗಿಸಿರಬೇಕು ಎಂದು ಬೈದುಕೊಂಡು ಅದನ್ನು ಅದರ ಜಾಗಕ್ಕೆ ಇಟ್ಟೆ. ಇನ್ನೇನಾದರೂ ಸರಿದಿದೆಯೇ ಎಂದು ಮೇಲಿನಿಂದ ಒಂದು ಸಲ ಕಣ್ಣಾಡಿಸಿದೆ. ಏಳು ಮಾಡುಗಳು, ಏಳೂ ತಮ್ಮ ತಮ್ಮ ಜಾಗದಲ್ಲಿ. ಮಾಡು ಎತ್ತಿ ಸೈನಿಕರನ್ನು ಒಳಗೆ ಕೂರಿಸಿದೆ. ಮಾಡಿನ ಸೂರಿನ ಕೆಳಗಿನ ಬಾಗಿಲು ಮೇಲಿನಿಂದ ಕಾಣುವುದಿಲ್ಲ. ಬಗ್ಗಿ ನೋಡಲು ನನಗೇನು ಅನುಮಾನವೇ ಇತ್ತು?

ಡಾಕ್ಟರು ಬಂದ, ಮೇಜನ್ನು ಒಂದು ಸುತ್ತು ಹಾಕಿದ, ಬಗ್ಗಿ ನೋಡಿದ, ಏನೋ ಹೇಳಲು ಹೋಗಿ ಸುಮ್ಮನಾದ. ಕೈ ಕುಲುಕಿದೆವು. ಕೈ ಕುಲುಕಿದ ಮೇಲೆ ಮೇಜಿನ ಮೇಲಿನ ಊರನ್ನು ಯಾರೂ ಮುಟ್ಟುವಂತಿಲ್ಲ.

ಮೊದಲ ಎರಡು ಸುತ್ತು ನನ್ನ ಮನೆಗಳು ಬಂಡೆಯಂತೆ ನಿಂತವು. ಮೂರನೆಯದರಲ್ಲಿ ಒಳಗಿನವರು ಸುಸ್ತಾದರು. ನಾನು ಸಿಂಹಾಸನದಲ್ಲಿ ಕೂತವನ ಗತ್ತಿನಲ್ಲಿ ಹಿಂದಿನ ಸಾಲಿನಿಂದ ಹೊಸ ತುಕಡಿಯನ್ನು ಎತ್ತಿ ಮೊದಲ ಮನೆಯತ್ತ ಸಾಗಿಸಿದೆ.

"ಎಲ್ಲಿಗ್ ಗುರು?" ಎಂದ ಡಾಕ್ಟರು.

"ಮನೆ ಒಳಕ್ಕೆ."

"ಯಾವ್ ಬಾಗ್ಲಿಂದ?"

ಬಗ್ಗಿ ನೋಡಿದೆ. ನನ್ನೆದುರಿಗೆ ಗೋಡೆ ಇತ್ತು, ನಾನೇ ಮೆಚ್ಚಿ ಕೊಂಡ ಆ ಬಿರುಕಿನ ಸಮೇತ. ಎರಡನೆಯ ಮನೆ ನೋಡಿದೆ, ಗೋಡೆ. ಮೂರನೆಯದು, ಗೋಡೆ. ಏಳೂ ಮನೆಗಳ ಬಾಗಿಲು ಪೂರ್ವಕ್ಕೆ, ಸೂರ್ಯ ಹುಟ್ಟುವ ಕಡೆಗೆ, ಅವನ ಫಿರಂಗಿಗಳ ಬಾಯಿಗೆ ಸರಿಯಾಗಿ ತೆರೆದಿದ್ದವು. ಒಳಗಿದ್ದವರು ಹೊರಗೆ ಬಂದರೆ ಸಾವು, ಹೊರಗಿದ್ದವರು ಒಳಗೆ ಹೋದರೆ ಸಾವು. ಚರ್ಚು ಮಾತ್ರ ನಾನಿಟ್ಟ ಹಾಗೆಯೇ ಇತ್ತು.

"ನಾನು ಬಂದಾಗ್ಲೇ ನೋಡ್ದೆ," ಎಂದ ಡಾಕ್ಟರು. "ನೀನೇ ಏನೋ ಹೊಸ ಪ್ಲಾನ್ ಮಾಡಿದೀಯ ಅನ್ಕೊಂಡೆ ಕಣೋ. ಭಯಾನೂ ಆಯ್ತು."

ಊಟದ ಹೊತ್ತಿಗೆ ನನ್ನ ಹಳ್ಳಿ ಬಿದ್ದಿತು. ಡಾಕ್ಟರನನ್ನು ಗೇಟಿನವರೆಗೂ ಕಳಿಸಿ, ಒಂದೊಂದೇ ಮೆಟ್ಟಿಲಿಗೆ ಸಿಟ್ಟು ಏರಿಸಿಕೊಳ್ಳುತ್ತಾ ಮೇಲೆ ಹೋದೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು.

"ಅಮ್ಮ, ಕೆಳಗೆ ಮನೆಗಳನ್ನ ತಿರುಗ್ಸಿದ್ದು ನೀನಾ?"

"ಊಂ," ಎಂದಳು, ಸೊಪ್ಪಿನಿಂದ ಕಣ್ಣೆತ್ತದೆ. "ದೀಪ ಅಚ್ಚಕ್ ಓಗಿದ್ದೆ. ಏಳಕ್ಕೆ ಏಳೂ ದಕ್ಷಿಣಕ್ ಬಾಗ್ಲು. ನೋಡಕಾಗ್ಲಿಲ್ಲ. ಕೊಳಾನೂ ದೇವಮೂಲೇಗ್ ಇಟ್ಟೆ. ಚರ್ಚು ಮುಟ್ಲಿಲ್ಲ, ಅವ್ರ್ ದೇವ್ರು ಎತ್ಲಾಗ್ ನೋಡ್ತದೋ ನಂಗೊತ್ತಿಲ್ಲ."

"ಅಮ್ಮ, ಅದು ಯುದ್ಧ. ಅವ್ರೆಲ್ಲ ಸಾಯಕ್ಕೇ ಬಂದಿರೋರು. ಯಾವ್ ದಿಕ್ಕಿಗ್ ಬಾಗ್ಲಿದ್ರೆ ಏನು?"

"ಅವ್ರ್ ಸಾಯ್ಲಿ," ಎಂದಳು ಅಮ್ಮ. ಸೊಪ್ಪನ್ನು ಮೊರಕ್ಕೆ ಹಾಕಿ, ಮೊದಲ ಸಲ ನನ್ನನ್ನು ನೋಡಿದಳು. "ನಿಂಗೀಗ್ ಎಷ್ಟು?"

ಪ್ರಶ್ನೆ ಅರ್ಥವಾಗಲಿಲ್ಲ. ಐವತ್ತೊಂದು ಎಂದೆ.

"ನಿಮ್ಮಪ್ಪಂಗೂ ಅಷ್ಟೇಯ."

ನಾನು ಅಲ್ಲೇ ಕೂತೆ.

ಈ ಕತೆ ನನಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದದ್ದು ತುಂಡು ತುಂಡಾಗಿ. ಕೆಳಗಿನ ಮನೆಯೇ ಅಪ್ಪ ಮೊದಲು ಕಟ್ಟಿದ್ದು, ಆಗ ಅದೊಂದೇ ಅಂತಸ್ತು. ರಸ್ತೆ ದಕ್ಷಿಣಕ್ಕೆ. ಬಾಗಿಲು ಪೂರ್ವಕ್ಕೆ ಇಡೋಣ ಎಂದು ಅಮ್ಮ ಹಟ ಹಿಡಿದಿದ್ದಳಂತೆ. ಪೂರ್ವಕ್ಕೆ ದೊಡ್ಡಪ್ಪನ ಜಾಗ, ಓಡಾಡಲು ಸ್ವಲ್ಪ ಓಣಿ ಬಿಡು ಎಂದು ಅವನನ್ನು ಕೇಳಬೇಕಿತ್ತು. ಪಾಲು ಆದ ಮೇಲೆ ಅಣ್ಣನ ಮುಂದೆ ಕೈಯೊಡ್ಡುವುದಿಲ್ಲ ಎಂದು ಅಪ್ಪ ನಕ್ಕುಬಿಟ್ಟನಂತೆ. ನಾನು ಕಾಲೇಜಿನಲ್ಲಿದ್ದ ವರ್ಷ, ಒಂದು ಬೆಳಿಗ್ಗೆ, ಕಾಫಿ ಲೋಟ ಹಿಡಿದು ಆ ಬಾಗಿಲಲ್ಲೇ ನಿಂತಿದ್ದ ಅಪ್ಪ ನಿಂತಲ್ಲೇ ಕುಸಿದ. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಎಲ್ಲ ಮುಗಿಯಿತು. ಮೇಲಿನ ಎರಡು ಅಂತಸ್ತನ್ನು ಆಮೇಲೆ ಅಮ್ಮನೇ ನಿಂತು ಕಟ್ಟಿಸಿದಳು. ಮೆಟ್ಟಿಲನ್ನು ಸುತ್ತು ಹಾಕಿಸಿ ಎರಡರ ಬಾಗಿಲನ್ನೂ ಪೂರ್ವಕ್ಕೆ ತಂದಳು. ಅಲ್ಲಿಂದೀಚೆಗೆ ಅವಳು ಕೆಳಗಿನ ಮನೆಯಲ್ಲಿ ಒಂದು ದಿನವೂ ಮಲಗಿಲ್ಲ, ನಮ್ಮನ್ನೂ ಮಲಗಗೊಟ್ಟಿಲ್ಲ. ಇಷ್ಟೂ ಗೊತ್ತಿತ್ತು. ಒಂದಕ್ಕೊಂದು ಜೋಡಿಸಿ ನೋಡುವ ತಾಪತ್ರಯ ಮಾತ್ರ ನಾನು ತೆಗೆದುಕೊಂಡಿರಲಿಲ್ಲ.

"ಮತ್ತೆ ಬಾಡಿಗೆಯವ್ರು ಇರ್ತಾರಲ್ಲಮ್ಮ, ಅವ್ರಿಗೆ?" ಎಂದೆ. ಕೇಳಲು ಬೇರೇನೂ ತೋಚಲಿಲ್ಲ.

"ಬಾಡ್ಗೆಯವ್ರಿಗ್ ತಟ್ಟಾಕಿಲ್ಲ. ಮನೆ ಯಜಮಾನಂಗೇ ತಟ್ಟೋದು." ಇದನ್ನು ಎಷ್ಟು ನಿಶ್ಚಯವಾಗಿ ಹೇಳಿದಳೆಂದರೆ, ವಾಸ್ತು ಬಲ್ಲ ಯಾರೋ ಅವಳಿಗೆ ಖುದ್ದಾಗಿ ಅಭಯ ಕೊಟ್ಟಂತಿತ್ತು. "ನೀನು ಆ ಮನೇಗ್ ಓದಾಗಿಂದ ನಂಗ್ ನಿದ್ದೆ ಇಲ್ಲ ಕಣಪ್ಪ. ಅಲ್ಲೇ ತಿಂಡಿ, ಅಲ್ಲೇ ನಿದ್ದೆ. ಯಾರಾರ ಬೇಗ್ ಬಂದ್ರೆ ನೀನ್ ಎದ್ ಬತ್ತೀಯ ಅಂತ ಬೋರ್ಡ್ ಆಕ್ದೆ. ಬಂದೋರ್ನೂ ನೀನೇ ಓಡಿಸ್ದೆ. ಆ ದೊಡ್ ಬಾಗ್ಲು ತಿರುಗ್ಸಕ್ ನನ್ ಕೈಲ್ ಆಗಾಕಿಲ್ಲ. ಸಣ್ಣವು ಆಯ್ತವೆ, ತಿರುಗಿಸ್ದೆ."

ನನಗೆ ವಾಸ್ತುವಿನಲ್ಲಿ ನಂಬಿಕೆ ಇಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅಪ್ಪ ದಿನಕ್ಕೆ ಎರಡು ಪ್ಯಾಕು ಸಿಗರೇಟು ಸೇದುತ್ತಿದ್ದ ಎಂಬುದು ದಿಕ್ಕಿಗಿಂತ ಗಟ್ಟಿಯಾದ ಕಾರಣ. ಹಾಗೆಂದು ಹೇಳಲು ಬಾಯಿ ತೆರೆದೆ ಕೂಡ. ಅಮ್ಮ ಒಂದೊಂದೇ ಎಲೆ ಬಿಡಿಸುತ್ತಿದ್ದಳು. ಮುದುಕಿ ಇಷ್ಟು ದಿನವೂ ತಪ್ಪದೆ ಸಂಜೆ ಆ ಹೊಸ್ತಿಲು ದಾಟಿ ಬಂದು ನನಗಾಗಿ ದೀಪ ಹಚ್ಚುತ್ತಿದ್ದಳು, ನಾನು ಅವಳ ಮುಂದೆ ಯುರೋಪಿನವರ ಸ್ನಾನದ ತಮಾಷೆ ಮಾಡುತ್ತಿದ್ದೆ. ನನಗೆ ದುಃಖ ಉಕ್ಕಿ ಬಂತು. ಅದನ್ನು ಮುಚ್ಚಿಕೊಳ್ಳಲು ಮೊರವನ್ನು ನನ್ನ ಕಡೆ ಎಳೆದುಕೊಂಡು ಸೊಪ್ಪು ಬಿಡಿಸತೊಡಗಿದೆ.

"ದಂಟೆಲ್ಲ ಎಸೀತಿದೀಯ," ಎಂದು ಅಮ್ಮ ಮೊರ ಕಿತ್ತುಕೊಂಡಳು.

ಅಂದು ಸಂಜೆಯೇ ಆ ಹುಡುಗಿಗೆ ನಾನೇ ಫೋನ್ ಮಾಡಿದೆ. ದಕ್ಷಿಣದ ಬಾಗಿಲಿನ ದೋಷ ಬಾಡಿಗೆಯವರಿಗೆ ತಟ್ಟುವುದಿಲ್ಲ, ಮಾಲೀಕರಿಗೇ ತಟ್ಟುವುದು, ನಮ್ಮ ತಾಯಿ ತಿಳಿದವರು ಎಂದೆ. ಆ ಕಡೆ ಅತ್ತೆ ಸೊಸೆ ಸ್ಪೀಕರ್ ಹಾಕಿಕೊಂಡು ಕೇಳುತ್ತಿದ್ದರು. ಅತ್ತೆಗೆ ಈ ವಾದ ಬಹಳ ಹಿಡಿಸಿತು. ಶ್ರಾವಣದ ಮೊದಲ ವಾರ ಬರುತ್ತೇವೆ ಎಂದರು. ಅಮ್ಮನಿಗೆ ಇದನ್ನು ಹೇಳಿದೆ. ರಾತ್ರಿ ಊಟದಲ್ಲಿ ನನ್ನ ಮುದ್ದೆಯ ಮೇಲೆ ಮಾತ್ರ ತುಪ್ಪದ ಗುಂಡಿ ದೊಡ್ಡದಿತ್ತು.

ಭೀಮನ ಅಮಾವಾಸ್ಯೆಯ ದಿನ ಹೆಂಡತಿ ನನ್ನ ಪಾದ ತೊಳೆದು ಪೂಜೆ ಮಾಡುವಾಗ, ಪ್ರತಿ ವರ್ಷ ಒಳಗೇ ಇರುತ್ತಿದ್ದ ಅಮ್ಮ ಅಂದು ಬಾಗಿಲಿಗೆ ಒರಗಿ ನಿಂತು ಕೊನೆಯವರೆಗೂ ನೋಡಿದಳು. "ಸರಿಯಾಗ್ ತೊಳಿಯಮ್ಮ, ಇಮ್ಮಡಿ ಬಿಟ್ಬಿಟ್ಟೆ," ಎಂದು ಸೊಸೆಗೆ ಹೇಳಿಯೂ ಕೊಟ್ಟಳು. ನನ್ನ ಹಿಮ್ಮಡಿಗೆ ಅಷ್ಟು ಮಹತ್ವ ಬಂದದ್ದು ಅದೇ ಮೊದಲು.

ಹಳ್ಳಿ ಎಲ್ಲಿಗೆ ಹೋಯಿತು ಎಂದು ನೀವು ಕೇಳಬೇಕು. ತಾರಸಿಯ ಮೇಲೆ ಒಂದು ಶೀಟಿನ ಕೋಣೆ ಇದೆ. ಹಳೆಯ ಮಂಚ, ತೆಂಗಿನ ಚಿಪ್ಪು, ಕೆಟ್ಟ ಗ್ರೈಂಡರು ತುಂಬಿಕೊಂಡಿದ್ದ ಜಾಗ. ಮಧ್ಯಾಹ್ನ ಕಾದ ಕಾವಲಿ, ಮಳೆ ಬಂದರೆ ತಮಟೆ. ಆದರೆ ಬಾಗಿಲು ಪೂರ್ವಕ್ಕೆ. ಅಮ್ಮನೇ ಅದನ್ನು ಸೂಚಿಸಿದಳು, ಅಮ್ಮನೇ ಗ್ರೈಂಡರನ್ನು ಗುಜರಿಗೆ ಹಾಕಿಸಿದಳು. ಶ್ರಾವಣ ಬಿದ್ದ ದಿನ ನಾನು ಮತ್ತು ಡಾಕ್ಟರು ಮೇಜನ್ನು ಬಿಚ್ಚಿ ಹೊತ್ತು ತಂದೆವು. ಏಳು ಮನೆಗಳನ್ನು ಅಮ್ಮ ಯಾರ ಕೈಗೂ ಕೊಡದೆ ಮೊರದಲ್ಲಿಟ್ಟುಕೊಂಡು, ಮಧ್ಯೆ ಮಧ್ಯೆ ನಿಂತು ಉಸಿರು ತೆಗೆದುಕೊಳ್ಳುತ್ತಾ ತಂದಳು. ಆಮೇಲೆ ಕೋಣೆಯಲ್ಲಿ ಸಣ್ಣ ಸ್ಟೌ ಇಟ್ಟು ಹಾಲು ಉಕ್ಕಿಸಿದಳು.

"ಗೃಹಪ್ರವೇಶಾನಾ ಅಮ್ಮ?" ಎಂದ ಡಾಕ್ಟರು.

"ಉಂ ಕಣ್ ಡಾಕ್ಟ್ರೇ. ಇಷ್ಟ್ ಜನ ಬಂದವ್ರೆ, ಸುಮ್ನೆ ಬಿಡಕಾಯ್ತದಾ?"

ಆ ಹಾಲಿನಲ್ಲೇ ಕಾಫಿ ಮಾಡಿ ಎಲ್ಲರೂ ಕುಡಿದೆವು. ನಾನು ಮನೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟೆ. ಏಳನ್ನೂ ಪೂರ್ವಕ್ಕೇ ಇಟ್ಟೆ, ಕೊಳವನ್ನು ಈಶಾನ್ಯಕ್ಕೆ. ಅಮ್ಮ ಹಿಂದೆಯೇ ಬಂದು, ಕಣ್ಣು ಸರಿಯಾಗಿ ಕಾಣದ್ದರಿಂದ, ಪ್ರತಿ ಬಾಗಿಲನ್ನೂ ಬೆರಳ ತುದಿಯಿಂದ ಮುಟ್ಟಿ ನೋಡಿದಳು.

ಡಾಕ್ಟರು ಇದನ್ನೆಲ್ಲ ನೋಡಿಯೂ ತನ್ನ ಫಿರಂಗಿಗಳನ್ನು ಪೂರ್ವದ ಗುಡ್ಡದಿಂದ ಕದಲಿಸಿಲ್ಲ. ಗೆಳೆತನ ಬೇರೆ, ಯುದ್ಧ ಬೇರೆ ಎನ್ನುತ್ತಾನೆ. ನಾನೂ ಬಾಗಿಲು ತಿರುಗಿಸಿಲ್ಲ. ಹೀಗಾಗಿ ಅಂದಿನಿಂದ ಇಂದಿನವರೆಗೆ ಆ ಹಳ್ಳಿಯನ್ನು ಕಾದ ಪ್ರತಿ ಆಟದಲ್ಲೂ ನಾನು ಸೋತಿದ್ದೇನೆ. ಕೆಳಗಿನ ಮನೆಯಲ್ಲಿ ಆ ಜೋಡಿಗೆ ಈಗ ಒಂದು ಹೆಣ್ಣು ಮಗು. ಅದು ಗೋಡೆಯ ಮೇಲೆ ಚೆನ್ನಾಗಿ ಗೀಚುತ್ತದೆ.

ಹೋದ ತಿಂಗಳು ನನಗೆ ಐವತ್ತೈದು ತುಂಬಿತು. ಅಪ್ಪ ಈ ವಯಸ್ಸನ್ನು ಕಾಣಲಿಲ್ಲ. ಆ ಭಾನುವಾರವೂ ಆಟ ಇತ್ತು. ಮುಗಿಸಿ ತಾರಸಿಯಿಂದ ಇಳಿಯುತ್ತಿದ್ದಾಗ, ಎಂದಿನಂತೆ ಅಮ್ಮ ನಡುವಿನ ಅಂತಸ್ತಿನ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು.

"ಸೋತ್ಯಾ?" ಎಂದಳು.

"ಸೋತೆ ಅಮ್ಮ."

"ಒಳ್ಳೇದಾಯ್ತ್ ಬಾ," ಎಂದು ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡಳು. "ಕೈ ತೊಳ್ಕೋ. ಮುದ್ದೆ ಆರೋಯ್ತದೆ."